ಗಿರಿಯ ಕೆಳಗೊಂದು ಹೊಳೆ

ಬಡಾವಣೆಯ ಗುಣ ನಡೆದು ನೋಡಿದವರಿಗೇ ಗೊತ್ತು. ಗಿರಿನಗರದಲ್ಲಿ ಅದು ಮೊದಲು ಗೊತ್ತಾಗುವುದು ಮೊಣಕಾಲಿಗೆ! ಹೆಸರಿಗೆ ತಕ್ಕ ಏರು, ಏರಿಗೆ ತಕ್ಕ ಇಳಿಜಾರು. ಇಳಿಜಾರು ಇದ್ದಲ್ಲಿ ನೀರೂ ಇರಬೇಕಲ್ಲ? ಇದೆ. ಮೈಸೂರು ರಸ್ತೆಯ ಕಡೆಗೆ ಇಳಿದರೆ ವೃಷಭಾವತಿ ಸಿಗುತ್ತಾಳೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದವಳೆಂಬ ಪ್ರತೀತಿ. ಹೆಸರು ಬಂದದ್ದೂ ಹಾಗೆಯೇ. ಈಗ ಆಕೆಗೆ ಮೋರಿ ಎಂದೇ ಹೆಸರು. ದಾಟುವವರು ಮೂಗು ಮುಚ್ಚಿಕೊಳ್ಳುತ್ತಾರೆ.

ಜಪಾನಿನ ಟೋಕಿಯೋದಲ್ಲಿ ಶಿಬುಯಾ ಎಂಬ ಬಡಾವಣೆಯಿದೆ. ಆ ಹೆಸರಿನ ‘ಯಾ’ ಎಂದರೆ ಕಣಿವೆ. ರೈಲು ನಿಲ್ದಾಣ ಕಣಿವೆಯ ತಳದಲ್ಲಿ. ಅಲ್ಲಿಂದ ಹೊರಟ ಬಹುಪಾಲು ಬೀದಿಗಳು ಏರು. 1964ರ ಒಲಿಂಪಿಕ್ಸ್ ಹೊತ್ತಿಗೆ ಅಲ್ಲಿನ ಹೊಳೆಯ ಮೇಲ್ಭಾಗವನ್ನು ಕಾಂಕ್ರೀಟಿನಡಿ ಮುಚ್ಚಿಬಿಟ್ಟರು. ಜನ ಹೊಳೆಯನ್ನೇ ಮರೆತರು. 2018ರಲ್ಲಿ ನಿಲ್ದಾಣದ ದಕ್ಷಿಣಕ್ಕೆ ಸುಮಾರು 600 ಮೀಟರು ದಡ ಕಾಲುದಾರಿಯಾಯಿತು. ಪಕ್ಕದಲ್ಲಿ ಹರಿಯುವುದು ಗಂಗೆಯೇನಲ್ಲ, ಚೆನ್ನಾಗಿ ಶುದ್ಧಮಾಡಿದ ಕೊಳಚೆ ನೀರೇ. ಆದರೂ ಜನ ಅಲ್ಲಿ ಅಡ್ಡಾಡುತ್ತಾರೆ.

ವೃಷಭಾವತಿಗೆ ಚಪ್ಪಡಿ ಹೊದಿಸಿದರೆ ವಾಸನೆ ಅಡಗೀತು, ನೀರಿನ ದಾರಿ ತಪ್ಪದು. ಅದು ಬೈರಮಂಗಲದತ್ತ ಹರಿದು, ಅರ್ಕಾವತಿಗೆ ಸೇರಿ, ಕಾವೇರಿಗೆ ಹೋಗುತ್ತದೆ. ಆ ಕಡೆಯ ರೈತರು ಹೊಲಕ್ಕೆ ಹಾಯಿಸುವುದೂ ಇದೇ ನೀರನ್ನು. ಏರಿನ ಮನೆಗಳ ಬಚ್ಚಲಿನಿಂದ ಇಳಿದದ್ದು ಯಾರ ಗದ್ದೆಗೆ ಹೋಯಿತು, ಅಲ್ಲಿ ಬೆಳೆದದ್ದು ಯಾರ ತಟ್ಟೆಗೆ ಬಂತು ಎಂದು ಒಮ್ಮೆ ಯೋಚಿಸಿದರೆ, ಮೂಗು ಮುಚ್ಚಿದ ಕೈ ತಾನಾಗಿಯೇ ಕೆಳಗಿಳಿಯುತ್ತದೆ.