ಹೀರೋ ಬೈಕಿಗೆ ವಿಲನ್ ಪಾರ್ಟು!

ಭಾನುವಾರ ನಸುಕಿಗೆ ಕಳವಾರದ ಕಡೆ ಹೋಗಿ ನೋಡಿ ಸ್ವಾಮಿ. ಸ್ಕಂದಗಿರಿ ಬೆಟ್ಟದ ಬುಡದಲ್ಲಿರುವ ಈ ಹಳ್ಳಿಯಲ್ಲಿ ಕೋಳಿ ಕೂಗೋದಕ್ಕೆ ಮೊದಲೇ ಬೈಕು ಕೂಗುತ್ತವೆ! ಮೋಡ ನೋಡಬೇಕು, ಸೂರ್ಯೋದಯ ನೋಡಬೇಕು ಅಂತ ಬೆಂಗಳೂರಿನಿಂದ ಬರುವ ಪಡ್ಡೆಗಳ ಸೈನ್ಯ. ಆ ಕಡೆ ನಂದಿಬೆಟ್ಟದ ತಿರುವುಗಳಲ್ಲೂ ಇದೇ ಕಥೆ. ಒಂದೊಂದು ಬೈಕಿನ ಸೈಲೆನ್ಸರೂ ಒಂದೊಂದು ರಾಗ. ಕೆಲವು ಗುಡುಗು, ಕೆಲವು ಪಟಾಕಿ, ಕೆಲವಂತೂ ಹರಿದ ತಮಟೆ.

ಅದನ್ನು ನೋಡಿ ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಹೈದರಿಗೂ ಆಸೆ. "ನಂದೂ ಹಂಗೇ ಗುಡುಗಬೇಕು ಗುರೂ!" ಆಸೆ ತಪ್ಪಲ್ಲ. ಹರೆಯದಲ್ಲಿ ಆಸೆ ಪಡದೆ ಇನ್ಯಾವಾಗ ಪಡ್ತೀರಿ? ಆದರೆ ಆ ಆಸೆಗೆ ಹೋಗುವ ದುಡ್ಡು ಎಲ್ಲಿಂದ ಬಂತು? ಅಪ್ಪ ರೇಷ್ಮೆಗೂಡು ಮಾರಿದ ದುಡ್ಡು, ಅಮ್ಮ ಹಾಲಿನ ಡೇರಿಯಿಂದ ತಂದ ದುಡ್ಡು, ಇಲ್ಲ ನೀವೇ ಬೆವರು ಸುರಿಸಿದ ಸಂಬಳ. ಅದಕ್ಕೇ ಈ ವಾರ ನಟಿಯರ ಸುದ್ದಿಗೆ ರಜಾ. ಬೈಕಿಗೆ ಹೊರಗಿನ ಪಾರ್ಟು ಕೊಳ್ಳೋದು ಹೇಗೆ, ಮಾರುವವನ ಹತ್ತಿರ ವ್ಯವಹಾರ ಮಾಡೋದು ಹೇಗೆ.... ಅದೇ ನಮ್ಮ ಮಾತು.

ತೆರೆಯ ಮೇಲಿನ ಗುಡುಗು

ಮೊದಲು ಒಂದು ಗುಟ್ಟು. ಸಿನಿಮಾದಲ್ಲಿ ಹೀರೋ ಬೈಕು ಏರಿ ಬಂದಾಗ ಥಿಯೇಟರ್ ಗೋಡೆ ನಡುಗುತ್ತದಲ್ಲ, ಆ ಶಬ್ದ ಬಹುಪಾಲು ಬೈಕಿನದಲ್ಲ! ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕೂತು ಸೌಂಡ್ ಇಂಜಿನಿಯರ್ ಸೇರಿಸಿದ್ದು. ಹೀರೋ ಹೊಡೆದ ಏಟಿಗೆ 'ಢಿಶುಂ' ಅಂತ ಬರುತ್ತಲ್ಲ, ಹಾಗೇ ಇದೂ. ಢಿಶುಂ ಕೇಳಿ ಯಾರಾದರೂ ಕೈಯಲ್ಲಿ ಸ್ಪೀಕರ್ ಕಟ್ಟಿಕೊಂಡು ಜಗಳಕ್ಕೆ ಹೋಗ್ತಾರಾ? ಸೈಲೆನ್ಸರ್ ವಿಷಯದಲ್ಲಿ ಮಾತ್ರ ಹೋಗ್ತಾರೆ!

ಶಬ್ದ ಬೇರೆ, ಶಕ್ತಿ ಬೇರೆ. ನಮ್ಮ ಹುಡುಗರ ಪ್ರಾಣ ಆರ್‌ಎಕ್ಸ್ 100 ತಗೊಳ್ಳಿ. 1985ರಲ್ಲಿ ಬಂದು 1996ರಲ್ಲಿ ನಿಂತುಹೋದ 98 ಸಿಸಿಯ ಗಾಡಿ, ಸುಮಾರು 11 ಕುದುರೆಶಕ್ತಿ. ಅದು ಎರಡು ಸ್ಟ್ರೋಕಿನ ಇಂಜಿನ್. ಅದರ ಸೈಲೆನ್ಸರ್ ಬರೀ ಹೊಗೆ ಬಿಡುವ ಕೊಳವೆಯಲ್ಲ. ಹೊರಗೆ ನುಗ್ಗಿದ ಒತ್ತಡದ ಅಲೆ ಕೊಳವೆಯ ಇಳಿಜಾರಿಗೆ ಬಡಿದು ವಾಪಸು ಬರುತ್ತೆ. ಹಾಗೆ ಬರುವಾಗ ಸುಡದೆ ಓಡಿಹೋಗುತ್ತಿದ್ದ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುತ್ತೆ. ಕೊಳವೆಯ ಉದ್ದ, ದಪ್ಪ ಎಲ್ಲಕ್ಕೂ ಲೆಕ್ಕ ಇದೆ. ಆ ಲೆಕ್ಕ ಗೊತ್ತಿಲ್ಲದವನು ಕತ್ತರಿಸಿ ಬೆಸುಗೆ ಹಾಕಿಕೊಟ್ಟರೆ ಏನಾಗುತ್ತೆ? ಶಬ್ದ ಜಾಸ್ತಿ, ಎಳೆತ ಕಮ್ಮಿ, ಪೆಟ್ರೋಲ್ ಬಂಕಿನವನಿಗೆ ಹಬ್ಬ!

ಈಗಿನ ನಾಲ್ಕು ಸ್ಟ್ರೋಕಿನ ಗಾಡಿಗಳ ಕಥೆ ಇನ್ನೊಂಥರ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಪೆಟ್ರೋಲ್ ಎಷ್ಟು ಹೋಗಬೇಕು ಅಂತ ತೀರ್ಮಾನ ಮಾಡೋದು ಪುಟ್ಟ ಕಂಪ್ಯೂಟರ್. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆ ಕೊಳವೆಯ ದಾರಿಯಲ್ಲೇ ಕೂತಿರುತ್ತೆ. ಅದನ್ನು ಕಿತ್ತು ಬರಿ ಕೊಳವೆ ಸಿಕ್ಕಿಸಿದರೆ ಕಂಪ್ಯೂಟರಿನ ಲೆಕ್ಕ ತಪ್ಪುತ್ತೆ, ಕಂಪನಿ ಗ್ಯಾರಂಟಿಗೂ ನಮಸ್ಕಾರ. "ಹಾಕಿದ ತಕ್ಷಣ ಐದು ಕುದುರೆಶಕ್ತಿ ಜಾಸ್ತಿ ಸಾರ್!" ಅನ್ನುವ ಅಂಗಡಿಯವನಿಗೆ ಒಂದೇ ಪ್ರಶ್ನೆ ಕೇಳಿ: "ಯಾವ ಯಂತ್ರದಲ್ಲಿ ಅಳೆದದ್ದು, ಆ ಕಾಗದ ತೋರಿಸಣ್ಣ." ಆಮೇಲೆ ಅವನ ಮುಖ ನೋಡಿ.

ಜೆ.ಸಿ. ರಸ್ತೆಯ ಗಾಂಧಿನಗರ

ಸಿನಿಮಾದವರಿಗೆ ಗಾಂಧಿನಗರ ಹೇಗೋ, ಬಿಡಿಭಾಗದವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಹಾಗೆ. ಅಲ್ಲಿ ಸ್ಟಾರುಗಳೂ ಇದ್ದಾರೆ, ಡೂಪುಗಳೂ ಇದ್ದಾರೆ. ಹಳೇ ಗಾಡಿಯವರು ಶಿವಾಜಿನಗರದ ಗುಜರಿಗೂ ಇಣುಕುತ್ತಾರೆ.

ಹಳೇ ಗಾಡಿ ಅಂದಮೇಲೆ ನಮ್ಮ ಮೈಸೂರಿನ ಮಗನನ್ನು ಮರೆಯೋದು ಹೇಗೆ? 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಕೊಟ್ಟಿತು. 1996ರಲ್ಲಿ ಬಾಗಿಲು ಹಾಕಿತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಬೇರೆ ಕಂಪನಿಯ ಕೈಯಲ್ಲಿ ಮರುಹುಟ್ಟು ಪಡೆದವು ನಿಜ. ಆದರೆ ಹೊಸದರ ಇಂಜಿನ್ನೇ ಬೇರೆ. ಹಳೇ ರೋಡ್‌ಕಿಂಗ್ ಇಟ್ಟವನಿಗೆ ಇವತ್ತು ಸಿಗೋದು ಮೂರೇ ಬಗೆ: ಯಾರದೋ ಗೋದಾಮಿನಲ್ಲಿ ಉಳಿದ ಹಳೇ ಸರಕು, ಬೇರೆ ಗಾಡಿಯಿಂದ ಬಿಚ್ಚಿದ್ದು, ಇಲ್ಲ ಹೊಸದಾಗಿ ಯಾರೋ ಮಾಡಿಸಿದ್ದು. ಮೂರಕ್ಕೂ ಮೂರು ಬೆಲೆ. ಮೂರನೆಯದನ್ನು ಮೊದಲನೆಯದು ಅಂತ ಮಾರೋದೇ ವಿಲನ್ ಪಾರ್ಟು! ಆರ್‌ಎಕ್ಸ್ 100ಕ್ಕೂ ಇದೇ ಹಣೆಬರಹ.

ಹಾಗಾದರೆ ಅಸಲಿ ಅಂಗಡಿಯವನನ್ನು ಗುರುತು ಹಿಡಿಯೋದು ಹೇಗೆ? ಸುಲಭ. ಒಳ್ಳೆಯವನು ನಿಮಗೆ ಪಾರ್ಟು ತೋರಿಸುವ ಮೊದಲು ನಿಮ್ಮನ್ನೇ ಪ್ರಶ್ನೆ ಕೇಳ್ತಾನೆ. ಯಾವ ವರ್ಷದ ಗಾಡಿ? ಚಾಸಿ ನಂಬರ್ ಏನು? ಹಳೇ ಪಾರ್ಟು ತಂದಿದ್ದೀಯಾ? "ಎಲ್ಲಾ ಗಾಡಿಗೂ ಆಗುತ್ತೆ ತಗೊಳ್ಳಿ" ಅಂದವನ ಅಂಗಡಿಯಿಂದ ಮೆಟ್ಟಿಲು ಇಳಿಯಿರಿ. ಎಲ್ಲಾ ಪಾತ್ರಕ್ಕೂ ಆಗುವ ನಟ ಅಪರೂಪ, ಎಲ್ಲಾ ಗಾಡಿಗೂ ಆಗುವ ಪಾರ್ಟು ಇಲ್ಲವೇ ಇಲ್ಲ.

ಹಳೇ ಪಾರ್ಟನ್ನು ಪೇಪರಿನಲ್ಲಿ ಸುತ್ತಿ ಜೊತೆಯಲ್ಲೇ ಒಯ್ಯಿರಿ. (ಈ ಪತ್ರಿಕೆಯಲ್ಲಿ ಸುತ್ತಬೇಡಿ, ಓದಿ ಮುಗಿಸಿದ ಮೇಲೆ ಗೆಳೆಯನಿಗೆ ಕೊಡಿ!) ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೋಲ್ಟಿನ ತೂತು, ಹಲ್ಲಿನ ಲೆಕ್ಕ, ತೂಕ, ಅಂಚಿನ ಕೆಲಸ. ಪೊಟ್ಟಣದ ಮೇಲೆ ತಯಾರಿಸಿದವನ ಹೆಸರು, ವಿಳಾಸ, ತಿಂಗಳು, ಗರಿಷ್ಠ ಬೆಲೆ ಇರಬೇಕು, ಇದು ಕಾನೂನು. ಟೈರಾದರೆ ಪಕ್ಕೆಯ ಮೇಲೆ ನಾಲ್ಕು ಅಂಕಿ ಹುಡುಕಿ. 1424 ಅಂತಿದ್ದರೆ 2024ರ ಹದಿನಾಲ್ಕನೇ ವಾರ ಮಾಡಿದ್ದು ಅಂತ ಅರ್ಥ. ಐದು ವರ್ಷ ಗೋದಾಮಿನಲ್ಲಿ ಮಲಗಿದ್ದ ಟೈರಿಗೆ 'ಹೊಸದು' ಅಂತ ಪೂರ್ತಿ ದುಡ್ಡು ಯಾಕೆ ಕೊಡ್ತೀರಿ?

ಇನ್ನೊಂದು ಮಾತು. ಕೆಲವು ಮೆಕ್ಯಾನಿಕ್ಕುಗಳಿಗೂ ಅಂಗಡಿಗೂ ಒಳಗೊಳಗೇ ಒಪ್ಪಂದ ಇರುತ್ತೆ. "ಅದೇ ಅಂಗಡಿಗೆ ಹೋಗು, ನನ್ನ ಹೆಸರು ಹೇಳು" ಅಂದರೆ ಕಮಿಷನ್ ವಾಸನೆ. ಹೆಸರು ಹೇಳಿ ಪರವಾಗಿಲ್ಲ, ಆದರೆ ಪಕ್ಕದ ಎರಡು ಅಂಗಡಿಯಲ್ಲೂ ರೇಟು ಕೇಳಿ.

ಬಿಲ್ ಇಲ್ಲದವನ ಹತ್ತಿರ ಬೋಲ್ಟೂ ಬೇಡ

ಈ ಲೇಖನದಲ್ಲಿ ಒಂದೇ ಸಾಲು ನೆನಪಿಡೋದಾದರೆ ಇದು: ಪಾರ್ಟು ನೋಡುವ ಮೊದಲು, ಅದು ಕೂರದೇ ಹೋದರೆ ಮಾರುವವನು ಏನು ಮಾಡ್ತಾನೆ ಅಂತ ಕೇಳಿ.

"ಬಿಲ್ ಬೇಡ ಅಂದ್ರೆ ಇನ್ನೂರು ಕಮ್ಮಿ ಮಾಡ್ಕೊಡ್ತೀನಿ" ಇದೇ ಬಲೆ. ಆ ಇನ್ನೂರಕ್ಕೆ ನೀವು ಮಾರಿಕೊಂಡದ್ದು ನಿಮ್ಮ ಬಾಯನ್ನು! ನಾಳೆ ಕ್ಲಚ್ ಪ್ಲೇಟ್ ಜಾರಿತು, ಸೈಲೆನ್ಸರ್ ಬೆಸುಗೆ ಬಿಟ್ಟಿತು ಅಂತ ಹೋದರೆ "ಯಾರಪ್ಪಾ ನೀನು?" ಅಂತಾನೆ. ಇದು ಮೂರು ಸಾವಿರದ ಪಾರ್ಟು ಅಂದ್ಕೊಳ್ಳಿ. ಚಿಂತಾಮಣಿಯಿಂದ ಬೆಂಗಳೂರಿಗೆ ಎರಡು ಸಲ ಬಸ್ ಚಾರ್ಜು, ಒಂದು ದಿನದ ಕೂಲಿ, ಊಟ ತಿಂಡಿ, ಎಲ್ಲಾ ಸೇರಿದರೆ ಆ ಇನ್ನೂರು ಎಲ್ಲಿ ಹೋಯ್ತು?

"ಮಾರಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ಬೋರ್ಡು ಹಾಕಿರ್ತಾರೆ. ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದು ಏನು ಹೇಳುತ್ತೆ ಗೊತ್ತಾ? ಬಿಲ್ ಕೊಡದಿರೋದೇ ಅನುಚಿತ ವ್ಯಾಪಾರ. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನದೊಳಗೆ, ವಾಪಸು ತಗೊಂಡು ದುಡ್ಡು ಕೊಡಲು ನಿರಾಕರಿಸೋದೂ ಅನುಚಿತ ವ್ಯಾಪಾರ. ದೂರು ಕೊಡೋದಕ್ಕೆ 1915 ನಂಬರಿಗೆ ಫೋನ್ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದವರೆಗೆ ಕಾಲಾವಕಾಶ. ಇನ್ನೂ ಸಿಹಿ ಸುದ್ದಿ ಏನಪ್ಪಾ ಅಂದರೆ, ಅಂಗಡಿ ಬೆಂಗಳೂರಿನಲ್ಲಿರಲಿ ದಿಲ್ಲಿಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಆದರೆ ದೂರಿನ ಜೊತೆ ಏನು ಇಡ್ತೀರಿ? ಬಿಲ್! ತಿರುಗಿ ಅಲ್ಲಿಗೇ ಬಂದೆವು ನೋಡಿ.

ಫೋನಿನಲ್ಲಿ ಫೋಟೋ ನೋಡಿ ತರಿಸುವವರು ಇನ್ನೂ ಹುಷಾರಾಗಿರಬೇಕು. ಪೂರ್ತಿ ದುಡ್ಡು ಮೊದಲೇ ಕಳಿಸಿ ಅಂದವನ ವಿಳಾಸ, ಜಿಎಸ್‌ಟಿ ನಂಬರು ಕೇಳಿ. ಮಾತು ಕೊಟ್ಟದ್ದನ್ನೆಲ್ಲ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಎಷ್ಟು ದಿನಕ್ಕೆ ಬರುತ್ತೆ, ಯಾವ ಮಾಡೆಲಿಗೆ, ಕೂರದಿದ್ದರೆ ವಾಪಸು ಚಾರ್ಜು ಯಾರದು? ಪಾರ್ಸೆಲ್ ಬಂದಾಗ ಒಡೆಯೋದನ್ನು ಫೋನಿನಲ್ಲಿ ಚಿತ್ರೀಕರಿಸಿ. ಕ್ಯಾಮೆರಾ ಕೈಯಲ್ಲಿದೆ, ನೀವೇ ಡೈರೆಕ್ಟರು!

ಅಂಗಡಿಯವನ ಕಡೆಯ ನ್ಯಾಯವನ್ನೂ ಹೇಳಬೇಕು. ಸ್ಪ್ಯಾನರ್ ಹಾಕಿ ಗೀರು ಬಿದ್ದದ್ದನ್ನು, ಒಂದು ವಾರ ಓಡಿಸಿ ಕಪ್ಪು ಮಾಡಿದ್ದನ್ನು "ಇಷ್ಟ ಆಗ್ಲಿಲ್ಲ ಅಣ್ಣ" ಅಂತ ವಾಪಸು ಒಯ್ದರೆ ಅವನು ಯಾಕೆ ತಗೋಬೇಕು? ದೋಷ ಬೇರೆ, ಮನಸ್ಸು ಬದಲಾಯಿಸೋದು ಬೇರೆ. ಎಲೆಕ್ಟ್ರಿಕ್ ಸಾಮಾನಿಗೆ ಸಾಮಾನ್ಯವಾಗಿ ಯಾರೂ ಗ್ಯಾರಂಟಿ ಕೊಡೋಲ್ಲ, ಅಲ್ಲೇ ಹಚ್ಚಿ ತೋರಿಸಿ ಅನ್ನಿ. ಹಾಕಿಸುವ ಮೊದಲು ಅಳತೆ ನೋಡಿ. ಗೌರವ ಕೊಟ್ಟು ಗೌರವ ತಗೊಳ್ಳಿ. ಒಂದೇ ಅಂಗಡಿಗೆ ಮೂರು ಸಲ ಹೋದ ಪ್ರಾಮಾಣಿಕ ಗಿರಾಕಿಗೆ ನಾಲ್ಕನೇ ಸಲ ಒಳಗಿಟ್ಟ ಅಸಲಿ ಮಾಲು ಹೊರಗೆ ಬರುತ್ತೆ.

ಪೊಲೀಸಪ್ಪನ ಎಂಟ್ರಿ

ಬಿಲ್ಲೂ ಇದೆ, ಮಾಲೂ ಚೆನ್ನಾಗಿದೆ ಅಂದ್ಕೊಳ್ಳಿ. ಆದರೂ ರಸ್ತೆಗೆ ಇಳಿಸಬಹುದಾ? ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಶಬ್ದಕ್ಕೂ ಲೆಕ್ಕ ಇದೆ. 80ರಿಂದ 175 ಸಿಸಿ ಗಾಡಿ ತಯಾರಾಗಿ ಹೊರಬರುವಾಗ ಮಿತಿ 77 ಡೆಸಿಬೆಲ್, ಅದಕ್ಕಿಂತ ದೊಡ್ಡದಕ್ಕೆ 80. ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರ್ತೀರಿ. ಮಾರಿದವನು ಅಂಗಡಿಯಲ್ಲಿ ಆರಾಮ, ದಂಡ ಕಟ್ಟಿದವನು ನೀವು! ಆದ್ದರಿಂದ ಅಂಗಡಿಯವನಿಗೆ ಇನ್ನೊಂದು ಪ್ರಶ್ನೆ: "ಇದು ರಸ್ತೆಗೆ ಒಪ್ಪಿಗೆ ಇರೋದಾ, ರೇಸ್ ಟ್ರ್ಯಾಕಿಗೆ ಮಾತ್ರಾನಾ?" ಟ್ರ್ಯಾಕಿನದೇ ಬೇಕು ಅನ್ನೋ ಹುಚ್ಚಿದ್ದರೆ ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಕಡೆ ಟ್ರ್ಯಾಕೇ ಇದೆ, ಅಲ್ಲಿ ಗುಡುಗಲಿ.

ಮೊದಲು ನಿಲ್ಲಲಿ, ಆಮೇಲೆ ಓಡಲಿ

ದುಡ್ಡಿದೆ, ಏನಾದರೂ ಹಾಕಿಸಲೇಬೇಕು ಅಂದರೆ ಕೇಳಿ, ಸಾಲು ಹೀಗಿರಲಿ. ಮೊದಲು ಒಳ್ಳೆ ಟೈರು. ಎರಡನೆಯದು ಬ್ರೇಕ್ ಪ್ಯಾಡು ಅಥವಾ ಶೂ, ಕಂಪನಿಯದೇ. ಮೂರನೆಯದು ಚೈನು ಮತ್ತು ಸ್ಪ್ರಾಕೆಟ್. ಇವು ಕಾನೂನಿಗೂ ಒಪ್ಪಿತ, ಗಾಡಿಗೂ ಹಿತ. ಟೈರು ಸರಿಯಾದರೆ ನಂದಿಬೆಟ್ಟದ ತಿರುವಿನಲ್ಲಿ ನಿಮಗೇ ವ್ಯತ್ಯಾಸ ಗೊತ್ತಾಗುತ್ತೆ. ತಲೆಗೆ ಐಎಸ್‌ಐ ಗುರುತಿನ ಹೆಲ್ಮೆಟ್, 2021ರ ಜೂನ್‌ನಿಂದ ಅದಿಲ್ಲದ ಹೆಲ್ಮೆಟ್ ಮಾರೋದೇ ಅಪರಾಧ. ಸೈಲೆನ್ಸರಿನಲ್ಲಿ ಮೋಸ ಹೋದರೆ ಹೋಗೋದು ದುಡ್ಡು. ಬ್ರೇಕಿನಲ್ಲಿ ಮೋಸ ಹೋದರೆ....

ನಮ್ಮ ಶಂಕರಣ್ಣ ಹೋದದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರ ಆನಗೋಡಿನ ರಸ್ತೆಯಲ್ಲಿ. ಸಂಚಾರಿ ವಿಜಯ್ ಹೋದದ್ದು 2021ರ ಜೂನ್‌ನಲ್ಲಿ, ಬೆಂಗಳೂರಿನ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ. ಆ ಎರಡಕ್ಕೂ ನಕಲಿ ಪಾರ್ಟಿಗೂ ಸಂಬಂಧವಿಲ್ಲ. ಆದರೆ ರಸ್ತೆಗೆ ಸ್ಟಾರು, ಅಭಿಮಾನಿ ಅನ್ನುವ ಭೇದ ಇಲ್ಲ ಅಂತ ನಮಗೆಲ್ಲ ಗೊತ್ತಾಯಿತಲ್ಲ. ಸಿನಿಮಾದಲ್ಲಿ ಬ್ರೇಕ್ ಫೇಲ್ ಆದರೆ ಡೈರೆಕ್ಟರ್ 'ಕಟ್' ಅಂತಾನೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಕಟ್ ಅನ್ನೋರು ಯಾರೂ ಇಲ್ಲ.

ಹೋಗಿ ಬನ್ನಿ, ಬಿಲ್ ಮರೀಬೇಡಿ. ಮುಂದಿನ ವಾರ ಮತ್ತೆ ಸಿನಿಮಾಕ್ಕೇ ಬರೋಣ!