ಬೇಗಡೆ ಕತ್ತಿಯ ಮೆರವಣಿಗೆ

ನಮ್ಮ ನಾಡಿನ ಉತ್ಸವಗಳ ಮೇಲೆ ನನ್ನದೊಂದು ತಕರಾರಿದೆ. ಉತ್ಸವವೇ ಬೇಡ, ಎಲ್ಲ ದುಂದುವೆಚ್ಚ ಎನ್ನುವವರ ಪೈಕಿ ನಾನಲ್ಲ. ವರ್ಷವಿಡೀ ರಾಗಿ, ಆಲೂಗಡ್ಡೆ, ಹೊಗೆಸೊಪ್ಪು ಎಂದು ಮಣ್ಣಿನಲ್ಲೇ ಬಿದ್ದಿರುವ ನಮ್ಮಂಥವರಿಗೆ ಒಂದು ದಿನವಾದರೂ ದೀಪ, ವಾದ್ಯ, ಜನಜಂಗುಳಿ ಬೇಕೇ ಬೇಕು. ನನ್ನ ತಕರಾರು ಇಷ್ಟೆ: ಈ ಉತ್ಸವಗಳಲ್ಲಿ ವೀರನ ವೇಷಕ್ಕೆ ಜಾಗವಿದೆ, ವೀರನ ವಿದ್ಯೆಗೆ ಜಾಗವಿಲ್ಲ. ಪೇಟ ಬಾಡಿಗೆಗೆ ತರಲು ದುಡ್ಡಿದೆ, ಕತ್ತಿ ಬೀಸಲು ಬಲ್ಲವನನ್ನು ಐದು ನಿಮಿಷ ನಿಲ್ಲಿಸಿ ನೋಡಲು ಪುರಸೊತ್ತಿಲ್ಲ.

ನಾನು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಯವನು. ನಮ್ಮ ಕಡೆಯ ಹಳ್ಳಿಯೊಂದರ ಗರಡಿಯಲ್ಲಿ ನಾಲ್ಕು ವರ್ಷ ಸಾಮು ಮಾಡಿದವನು. ಹೆಸರಾಂತ ಪೈಲ್ವಾನನೇನೂ ಆಗಲಿಲ್ಲ, ಆದರೆ ಈ ವಿದ್ಯೆಯಲ್ಲಿ ಕಷ್ಟ ಯಾವುದು, ತೋರಿಕೆ ಯಾವುದು ಎಂದು ಗುರುತಿಸುವಷ್ಟು ಕಲಿತೆ. ನಮ್ಮ ಉಸ್ತಾದರು ಮೊದಲ ವರ್ಷ ಕೈಗೆ ಬೆತ್ತವನ್ನೂ ಕೊಡಲಿಲ್ಲ. ದಂಡೆ, ಬಸ್ಕಿ, ಆಮೇಲೆ ಬರೀ ಹೆಜ್ಜೆ. ಎಡಗಾಲು ಎಲ್ಲಿ, ಬಲಗಾಲು ಎಲ್ಲಿ, ಮೈಭಾರ ಯಾವ ಕಾಲಿನ ಮೇಲೆ, ಇದನ್ನೇ ತಿಂಗಳುಗಟ್ಟಲೆ ಮಾಡಿಸಿದರು. ಎರಡನೆಯ ವರ್ಷ ಬೆತ್ತ ಬಂತು, ಮೂರನೆಯ ವರ್ಷ ಬೆತ್ತದ ಜೊತೆ ಗುರಾಣಿ. ಎದುರಾಳಿಯ ಕತ್ತಿ ನೋಡಬೇಡ, ಭುಜ ನೋಡು, ಕತ್ತಿ ಎಲ್ಲಿಗೆ ಬರುತ್ತದೆಂದು ಭುಜ ಮೊದಲೇ ಹೇಳುತ್ತದೆ ಎನ್ನುತ್ತಿದ್ದರು. ಕಬ್ಬಿಣ ನನ್ನ ಕೈಗೆ ಬಂದದ್ದು ನಾಲ್ಕನೆಯ ವರ್ಷ, ಅದೂ ಮೊಂಡು ಕತ್ತಿ.

ಕೆಲವು ವರ್ಷದ ಕೆಳಗೆ ಒಂದು ದೊಡ್ಡ ಉತ್ಸವಕ್ಕೆ ನಮ್ಮ ಗರಡಿಯವರಿಗೆ ಕರೆ ಬಂತು. ಯಾವ ಊರಿನದು, ಯಾರು ನಡೆಸಿದ್ದು ಎಂಬುದು ಇಲ್ಲಿ ಮುಖ್ಯವಲ್ಲ, ಎಲ್ಲ ಕಡೆಯೂ ಹೆಚ್ಚು ಕಡಿಮೆ ಹೀಗೇ. ಆರು ಜನ ಹೊರಟೆವು. ಉಸ್ತಾದರಿಗೆ ಆಗಲೇ ಎಪ್ಪತ್ತು ದಾಟಿತ್ತು. ಕತ್ತಿ, ಗುರಾಣಿಗಳನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಾಲ ಕೆಳಗಿಟ್ಟುಕೊಂಡು ಹಾಸನಕ್ಕೆ ಬಂದು, ಅಲ್ಲಿಂದ ಮುಂದಕ್ಕೆ ರಾತ್ರಿಯಿಡೀ ಪ್ರಯಾಣ. ಬೆಳಿಗ್ಗೆ ಅಲ್ಲಿ ಮೊದಲ ಮಾತೇ, ‘ನಿಜವಾದ ಕತ್ತಿ ಒಳಗೆ ಬಿಡೋದಿಲ್ಲ’ ಎಂದು. ಇರಲಿ, ಜನ ಸೇರುವ ಜಾಗ, ಕಾನೂನು ಅವರದು. ಬೆತ್ತವಾದರೂ ತಂದಿದ್ದೇವೆ, ಅದರಲ್ಲಿ ಆಡುತ್ತೇವೆ ಎಂದರೆ ಅದಕ್ಕೂ ಒಪ್ಪಲಿಲ್ಲ. ಬೆತ್ತ ‘ಲುಕ್ಕು’ ಕೊಡುವುದಿಲ್ಲವಂತೆ. ರಟ್ಟಿಗೆ ಬೇಗಡೆ ಅಂಟಿಸಿದ ಕತ್ತಿಗಳನ್ನು ಕೊಟ್ಟರು. ಜರಿಯ ನಿಲುವಂಗಿ ತೊಡಿಸಿದರು. ಒಂದು ಸ್ತಬ್ಧಚಿತ್ರದ ಲಾರಿಯ ಮುಂದೆ ನಡೆಯಿರಿ ಎಂದರು.

ಉಸ್ತಾದರು ಕೇಳಿದ್ದು ಒಂದೇ: ‘ನಿಂತು ಆಡೋಕೆ ನಾಕು ಮಾರು ಜಾಗ ಕೊಡ್ರಪ್ಪಾ.’ ಅಲ್ಲಿದ್ದ ಹುಡುಗ ತಾಳ್ಮೆಯಿಂದಲೇ ಹೇಳಿದ: ‘ಯಜಮಾನ್ರೇ, ನಿಂತ್ರೆ ಹಿಂದಿನ ಲಾರಿ ನಿಲ್ಲುತ್ತೆ. ಹಾಗೇ ಬೀಸ್ತಾ ಬೀಸ್ತಾ ಹೋಗ್ತಿರಿ.’ ಉಸ್ತಾದರು ನಮ್ಮ ಕಡೆ ತಿರುಗಿ, ‘ನಡ್ಕಂಡು ಹೋಗ್ತಾ ಬೀಸೋದು ಸೊಳ್ಳೆ ಹೊಡೆಯೋರ ಕೆಲ್ಸ ಕಣ್ರೋ’ ಎಂದರು. ಆದರೂ ನಡೆದರು. ಬಂದ ಮೇಲೆ ಹಿಂದಕ್ಕೆ ಹೋಗುವುದು ಮರ್ಯಾದೆಯಲ್ಲ ಎಂದು ನಡೆದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ಏರ್ಪಾಟಿನ ಮೇಲೆ. ಕತ್ತಿವರಸೆ ಇಬ್ಬರ ನಡುವೆ ನಡೆಯುವ ಕೆಲಸ. ಒಬ್ಬ ಏಟು ಹಾಕಬೇಕು, ಇನ್ನೊಬ್ಬ ತಡೆಯಬೇಕು, ತಪ್ಪಿದರೆ ತಪ್ಪಿದ್ದು ಎಲ್ಲರಿಗೂ ಕಾಣಬೇಕು. ನಿಲ್ಲಲು ನೆಲವಿಲ್ಲದೆ, ಎದುರಾಳಿಯಿಲ್ಲದೆ, ತೀರ್ಪಿಲ್ಲದೆ ಬೀಸುವ ಕತ್ತಿಗೆ ನಾಲ್ಕು ವರ್ಷದ ಸಾಮು ಏಕೆ? ನಾಲ್ಕು ನಿಮಿಷದ ಪಾಠ ಸಾಕು. ಹಾಗಿದ್ದ ಮೇಲೆ ಮುಂದಿನ ವರ್ಷ ಗರಡಿಯವರನ್ನು ಏಕೆ ಕರೆಯಬೇಕು? ಕಾಲೇಜು ಹುಡುಗರೇ ಸಾಕು. ಆದದ್ದೂ ಹಾಗೆಯೇ.

ಈ ಉತ್ಸವಗಳು ಯಾವ ಚರಿತ್ರೆಯನ್ನು ತೋರಿಸುತ್ತೇವೆಂದು ಹೊರಟಿವೆಯೋ ಆ ಚರಿತ್ರೆಯಾದರೂ ಏನು ಹೇಳುತ್ತದೆ? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲಯುದ್ಧವನ್ನು ಕಂಡು, ಹಲ್ಲು ಮುರಿದು ಕಣ್ಣು ಕೀಳುವಂಥ ಹೊಡೆತ ಎಂದು ಬೆರಗಾಗಿದ್ದಾನೆ. ಅವನ ನಂತರ ಬಂದ ನೂನಿಜ್ ದ್ವಂದ್ವಯುದ್ಧ ಮಾಡುವವರಿಗೆ ಅಲ್ಲಿ ದೊಡ್ಡ ಗೌರವವಿತ್ತೆಂದೂ ಅದಕ್ಕೆ ಮಂತ್ರಿಯ ಅಪ್ಪಣೆ ಬೇಕಿತ್ತೆಂದೂ ಬರೆದಿದ್ದಾನೆ. ಅದಕ್ಕೂ ನಾನೂರು ವರ್ಷ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿನೋದ, ಅಂಕವಿನೋದ, ಮಲ್ಲವಿನೋದ ಎಂದು ಬೇರೆ ಬೇರೆ ಪ್ರಕರಣಗಳನ್ನೇ ಬರೆದ. ಪಣ ಕಟ್ಟಿ ಆಯುಧ ಹಿಡಿದು ಕಣಕ್ಕಿಳಿಯುವವನಿಗೆ ಹಳಗನ್ನಡದಲ್ಲಿ ಅಂಕಕಾರ ಎಂಬ ಹೆಸರೇ ಇತ್ತು. ಈಗ ಆ ‘ಅಂಕ’ ಉಳಿದಿರುವುದು ಕರಾವಳಿಯ ಕೋಳಿ ಅಂಕದಲ್ಲಿ. ಮನುಷ್ಯರಿಂದ ಹೋದ ಮಾತು ಹುಂಜಗಳ ಪಾಲಾಯಿತು.

ನಮ್ಮ ಜಿಲ್ಲೆಯಲ್ಲಂತೂ ಕತ್ತಿಯಿಲ್ಲದ ಕಲ್ಲೇ ಇಲ್ಲವೇನೋ. ಬೇಲೂರಿನಲ್ಲಿ ಸಳ ಮೃಗವನ್ನು ಇರಿಯುತ್ತಾನೆ. ಹಳೇಬೀಡಿನಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಗರುಡಗಂಬದ ಮೇಲೆ ಒಡೆಯನಿಗಾಗಿ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವ ವೀರರಿದ್ದಾರೆ. ಎಷ್ಟೋ ಊರುಗಳ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ವೀರಗಲ್ಲುಗಳಿವೆ. ಅವರು ಹೇಗೆ ಸತ್ತರೆಂದು ಕಲ್ಲು ಹೇಳುತ್ತದೆ. ಹೇಗೆ ಕಾದಿದರೆಂದು ಹೇಳಲು ಮೈಯಲ್ಲಿ ವಿದ್ಯೆ ಉಳಿಸಿಕೊಂಡ ಮನುಷ್ಯನೇ ಬೇಕು. ನಮಗೆ ಕತ್ತಿಯ ಪರಿಚಯ ‘ರಣಧೀರ ಕಂಠೀರವ’ (1960), ‘ಮಯೂರ’ (1975) ಚಿತ್ರಗಳಿಂದ ಆಯಿತು. ರಾಜಕುಮಾರರ ಅಭಿಮಾನಿ ನಾನೂ ಹೌದು, ಆದರೆ ಸಿನಿಮಾ ಗರಡಿಯಾಗಲಾರದು.

ಕುಸ್ತಿಯ ಗತಿ ನೋಡಿ. ಗರಡಿಗಳು ಎಷ್ಟೋ ಮುಚ್ಚಿದ್ದರೂ ಕುಸ್ತಿ ಸತ್ತಿಲ್ಲ. ಮೈಸೂರು ದಸರಾದಲ್ಲಿ ಕುಸ್ತಿಗೆ ಅಖಾಡವಿದೆ, ತೀರ್ಪುಗಾರರಿದ್ದಾರೆ, ದಸರಾ ಕೇಸರಿ, ದಸರಾ ಕಂಠೀರವ ಎಂಬ ಬಿರುದುಗಳಿವೆ. ಗೆದ್ದೇನು ಎಂಬ ಆಸೆಗೆ ಹಳ್ಳಿಯ ಹುಡುಗ ಇನ್ನೂ ಬೆಳಗಿನ ಜಾವ ಎದ್ದು ಮಟ್ಟಿಗೆ ಇಳಿಯುತ್ತಾನೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಕ್ಷಣಗಳ ಆಟ, ಮೊದಲ ರಕ್ತ ಕಂಡೊಡನೆ ನಿಲುಗಡೆ. ಅಷ್ಟು ಹೊತ್ತಾದರೂ ಅದು ನಿಜವಾಗಿ ನಡೆಯುತ್ತದೆ. ಆದ್ದರಿಂದಲೇ ಜೆಟ್ಟಿಗಳ ಮನೆಯಲ್ಲಿ ಅದಕ್ಕೆ ತಯಾರಿ ನಿಂತಿಲ್ಲ. ನಮ್ಮ ಹೋಬಳಿಗೆ ನೆರೆಯ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿದೆ. ಪಂದ್ಯವಿರುವ ಕಡೆ ಗುರಿಯೂ ಉಳಿದಿದೆ.

ಹೊರಗಿನವರೂ ವೇಷ ಕಟ್ಟಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1963ರಲ್ಲಿ ರಿನೈಸಾನ್ಸ್ ಜಾತ್ರೆ ಎಂಬುದು ಶುರುವಾಯಿತು. ಹಳೆಯ ಇಂಗ್ಲೆಂಡಿನ ಉಡುಪು ತೊಟ್ಟು, ಕತ್ತಿ ಕಟ್ಟಿಕೊಂಡು ಓಡಾಡುವ ಜಾತ್ರೆ. ಇದೂ ಬೇಗಡೆಯೇ. ಆದರೆ ಪಶ್ಚಿಮದಲ್ಲಿ ಅಷ್ಟಕ್ಕೇ ತೃಪ್ತರಾಗದ ಜನರೂ ಹುಟ್ಟಿಕೊಂಡರು. ಅವರಲ್ಲಿ ಗುರುಪರಂಪರೆ ಕಡಿದುಹೋಗಿತ್ತು. ಹಾಗಾಗಿ 1410ರ ಸುಮಾರಿನ ಇಟಲಿಯ ಕತ್ತಿಗುರು ಫಿಯೋರೆಯ ಹಸ್ತಪ್ರತಿಗಳನ್ನು ಬಿಡಿಸಿ, ಚಿತ್ರದಲ್ಲಿರುವ ಒಂದೊಂದು ನಿಲುವನ್ನೂ ತಾವೇ ಆಡಿ ನೋಡಿ, ಸತ್ತ ವಿದ್ಯೆಗೆ ಜೀವ ಕೊಟ್ಟರು, ಪಂದ್ಯಗಳನ್ನೂ ಏರ್ಪಡಿಸಿದರು. ನಮ್ಮಲ್ಲಿ ಬಲ್ಲವರು ಇನ್ನೂ ಬದುಕಿದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವುದು ಬಿಟ್ಟು, ಅವರ ಕೈಯಲ್ಲಿ ರಟ್ಟಿನ ಕತ್ತಿ ಇಡುತ್ತಿದ್ದೇವೆ.

ಈ ಕಾಲದಲ್ಲಿ ಕತ್ತಿವಿದ್ಯೆ ಏಕೆ, ಅದು ಹಿಂಸೆಯಲ್ಲವೆ ಎಂದು ಕೇಳುವವರಿದ್ದಾರೆ. ಗರಡಿಯ ಒಳಗೆ ಹೋಗಿ ನೋಡಿದವರು ಹೀಗೆ ಕೇಳುವುದಿಲ್ಲ. ಹೊಡೆಯುವ ಶಕ್ತಿಯಿದ್ದೂ ಕೂದಲೆಳೆಯಷ್ಟು ದೂರದಲ್ಲಿ ಬೆತ್ತ ನಿಲ್ಲಿಸುವುದೇ ಅಲ್ಲಿನ ದೊಡ್ಡ ಪಾಠ. ಬೀದಿಯಲ್ಲಿ ಮಚ್ಚು ಹಿಡಿದವನು ಯಾವ ಉಸ್ತಾದನ ಶಿಷ್ಯನೂ ಅಲ್ಲ.

ಫೆನ್ಸಿಂಗ್ ಇದೆಯಲ್ಲ, ಅದು ಸಾಲದೆ ಎನ್ನುವವರೂ ಇದ್ದಾರೆ. ಚೆನ್ನೈನ ಭವಾನಿ ದೇವಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕತ್ತಿ ಹಿಡಿದು ನಿಂತ ಮೊದಲ ಭಾರತೀಯಳು. ಮೊದಲ ಪಂದ್ಯವನ್ನು 15-3ರಿಂದ ಗೆದ್ದಳು. ನಮ್ಮ ಹುಡುಗಿಯರಿಗೆ ಆ ಆಟವೂ ಬರಲಿ, ಸಂತೋಷ. ಆದರೆ ಅದರ ಮುಖವಾಡ, ಜಾಕೆಟ್ಟು, ವಿದ್ಯುತ್ ತಂತಿ ನಮ್ಮ ಹೋಬಳಿಗೆ ಬರುವುದು ಯಾವಾಗ? ಬೆತ್ತ ಇಂದೇ ಸಿಗುತ್ತದೆ, ಕಲಿಸುವವನು ಪಕ್ಕದ ಬೀದಿಯಲ್ಲಿದ್ದಾನೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪಂಜಾಬಿನ ಗತ್ಕಾ, ಕೇರಳದ ಕಳರಿಪಯಟ್ಟು, ಮಣಿಪುರದ ಥಾಂಗ್-ತಾಗಳನ್ನು ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿಸಿಕೊಂಡಿತು. ಆ ನಾಡಿನವರು ತಮ್ಮ ವಿದ್ಯೆಗೆ ನಿಯಮ ಕಟ್ಟಿ, ಪಂದ್ಯ ನಡೆಸಿ, ಇಗೋ ನಮ್ಮದು ಎಂದು ಮುಂದಿಟ್ಟರು. ನಮ್ಮ ವರಸೆ ಆ ಪಟ್ಟಿಯಲ್ಲಿರಲಿಲ್ಲ. ನಾವು ಆ ಹೊತ್ತಿಗೂ ಲಾರಿಯ ಮುಂದೆಯೇ ನಡೆಯುತ್ತಿದ್ದೆವು.

ಉತ್ಸವ ನಡೆಸುವವರಲ್ಲಿ ನಾನು ಕೇಳುವುದು ಲಕ್ಷಾಂತರ ರೂಪಾಯಿಯ ಯೋಜನೆಯನ್ನಲ್ಲ. ಮೈದಾನದ ಒಂದು ಮೂಲೆಯಲ್ಲಿ ಸುಣ್ಣದ ಗೆರೆ ಎಳೆದು ಕಣ ಮಾಡಿ. ಕತ್ತಿ ಬೇಡವೆಂದರೆ ಬೆತ್ತ ಕೊಡಿ, ತಲೆಗೆ ರಕ್ಷೆ ಕೊಡಿ. ತೀರ್ಪಿಗೆ ಮೂರು ಜನ ಹಳೆಯ ಉಸ್ತಾದರನ್ನು ಕೂರಿಸಿ, ಅವರಿಗೆ ಗಾಯಕರಿಗೆ ಕೊಡುವ ಸಂಭಾವನೆಯಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಅದೇ ದಿನ ಕೈಗೆ ಕೊಡಿ. ಅವರು ಆಡಿ ತೋರಿಸಿದ್ದನ್ನು ಚಿತ್ರೀಕರಿಸಿ, ಹೆಜ್ಜೆಗಳ ಹೆಸರನ್ನು ಬರೆಸಿ ಇಡಿ. ಇಷ್ಟೂ ಆಗುವುದಿಲ್ಲವಾದರೆ ಗರಡಿಯವರನ್ನು ಕರೆಯಲೇಬೇಡಿ. ಜರಿಯ ಅಂಗಿ ತೊಟ್ಟು ನಡೆಯಲು ಬೇಕಾದಷ್ಟು ಜನ ಸಿಗುತ್ತಾರೆ.