ಐರ್ಲೆಂಡ್ ಮತ್ತು ಪೋರ್ಚುಗಲ್: ಶ್ರೀಮಂತಿಕೆಯ ಲೆಕ್ಕ, ಬದುಕಿನ ಲೆಕ್ಕ

ನಮ್ಮ ಕರಾವಳಿಯ ನರ್ಸಿಂಗ್ ಕಾಲೇಜುಗಳಿಂದ ಹೊರಬರುವ ಮಕ್ಕಳ ಬಾಯಲ್ಲಿ ಒಂದು ಕಾಲದಲ್ಲಿ ಕುವೈತ್, ಸೌದಿ, ದುಬಾಯಿ ಎಂಬ ಹೆಸರುಗಳೇ ಕೇಳಿಬರುತ್ತಿದ್ದವು. ಈಗ ಆ ಸಾಲಿಗೆ ಐರ್ಲೆಂಡ್ ಕೂಡ ಸೇರಿದೆ. ಪೋರ್ಚುಗಲ್ ನಮಗೆ ಬೇರೆಯೇ ಬಗೆಯಲ್ಲಿ ಪರಿಚಿತ. ನಮ್ಮಲ್ಲಿ ಅನೇಕರ ಮನೆತನದ ಹೆಸರು ಅಲ್ಲಿಂದ ಬಂದದ್ದು. ಮೇಜು, ಚಾವಿ, ಇಸ್ತ್ರಿ ಮುಂತಾದ ದಿನಬಳಕೆಯ ಮಾತುಗಳೂ ಪೋರ್ಚುಗೀಸರು ಬಿಟ್ಟುಹೋದವೇ. ಯೂರೋಪಿನ ಪಶ್ಚಿಮದ ಅಂಚಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿರುವ ಈ ಎರಡು ಪುಟ್ಟ ದೇಶಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತವೆಂದು ನಮಗೆ ತೋರುತ್ತದೆ.

ಐವತ್ತರ ದಶಕದಲ್ಲಿ ಇವೆರಡೂ ಬಡ ದೇಶಗಳು. ಎರಡರಲ್ಲೂ ಬೇಸಾಯವೇ ಮುಖ್ಯ, ಕಥೋಲಿಕರೇ ಬಹುಸಂಖ್ಯಾತರು, ಊರು ಬಿಟ್ಟು ಹೋಗುವುದೇ ಯುವಕರ ಪಾಡು. 1845ರ ಆಲೂಗಡ್ಡೆ ಕ್ಷಾಮದಿಂದ ಆರಂಭವಾದ ಐರಿಷರ ವಲಸೆ ಒಂದು ಶತಮಾನ ಕಳೆದರೂ ನಿಲ್ಲಲಿಲ್ಲ. 1961ರ ಜನಗಣತಿಯಲ್ಲಿ ಅಲ್ಲಿ ಉಳಿದಿದ್ದವರು ಕೇವಲ 28 ಲಕ್ಷ ಜನ. ಪೋರ್ಚುಗಲ್‌ನಲ್ಲಿ 1932ರಿಂದ 1968ರವರೆಗೆ ಸಲಾಜಾರ್ ಅವರ ಸರ್ವಾಧಿಕಾರ. 1961ರಲ್ಲಿ ಅಂಗೋಲದಲ್ಲಿ ಯುದ್ಧ ಆರಂಭವಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಗೋವಾ ಕೈತಪ್ಪಿತು. ಬಡತನಕ್ಕೂ ಸೈನ್ಯಕ್ಕೂ ಹೆದರಿದ ಯುವಕರು ಕಾಗದಪತ್ರಗಳಿಲ್ಲದೆ ಪಿರನೀಸ್ ಬೆಟ್ಟ ದಾಟಿ ಫ್ರಾನ್ಸಿಗೆ ಓಡಿದರು.

ಇಂದು ತಲಾ ರಾಷ್ಟ್ರೀಯ ಉತ್ಪನ್ನದ ಲೆಕ್ಕದಲ್ಲಿ ಐರ್ಲೆಂಡ್ ಪೋರ್ಚುಗಲ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಶ್ರೀಮಂತ. ಇಷ್ಟು ಅಂತರ ಹೇಗೆ ಬಂತು?

ಕಡಿಮೆ ತೆರಿಗೆಯಿಂದ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಕಂಪನಿಗಳ ಲಾಭಕ್ಕೆ 12.5 ಶೇಕಡಾ ತೆರಿಗೆಯ ಆಸೆಗೆ ಅಮೆರಿಕದ ಕಂಪನಿಗಳು ಬಂದದ್ದು ನಿಜ. (2024ರಿಂದ ದೊಡ್ಡ ಕಂಪನಿಗಳಿಗೆ ಅದು 15 ಶೇಕಡಾ.) ಆದರೆ ಅದಕ್ಕಿಂತ ಮೊದಲೇ ಅಲ್ಲಿ ಎರಡು ಕೆಲಸಗಳು ನಡೆದಿದ್ದವು. 1958ರಲ್ಲಿ ಹಣಕಾಸು ಇಲಾಖೆಯ ಕಾರ್ಯದರ್ಶಿ ಟಿ. ಕೆ. ವಿಟೇಕರ್ ಅವರು, ಬಾಗಿಲು ಮುಚ್ಚಿಕೊಂಡು ಕುಳಿತರೆ ದೇಶ ಉಳಿಯುವುದಿಲ್ಲ, ವಿದೇಶಿ ಬಂಡವಾಳಕ್ಕೆ ದಾರಿ ಬಿಡಬೇಕು ಎಂದು ವರದಿ ಕೊಟ್ಟರು. 1967ರಲ್ಲಿ ಪ್ರೌಢಶಿಕ್ಷಣ ಉಚಿತವಾಯಿತು. ಹಾಗೆಂದು ಮರುದಿನವೇ ಫಲ ಸಿಗಲಿಲ್ಲ. ಎಂಬತ್ತರ ದಶಕದಲ್ಲಿಯೂ ನಿರುದ್ಯೋಗ 17 ಶೇಕಡಾದಷ್ಟಿತ್ತು, ಕಲಿತ ಮಕ್ಕಳು ಲಂಡನ್, ಬೋಸ್ಟನ್ ಸೇರಿದರು. ಆದರೆ 1989ರಲ್ಲಿ ಇಂಟೆಲ್ ಕಂಪನಿ ಕಾರ್ಖಾನೆಗೆ ಐರ್ಲೆಂಡನ್ನು ಆರಿಸಿಕೊಂಡಾಗ ಇಂಗ್ಲಿಷ್ ಬಲ್ಲ, ವಿಜ್ಞಾನ ಕಲಿತ ಒಂದು ಪೀಳಿಗೆಯೇ ಅಲ್ಲಿ ಸಿದ್ಧವಿತ್ತು.

ಪೋರ್ಚುಗಲ್ ತಡಮಾಡಿದ್ದು ಇಲ್ಲಿಯೇ. ಸಲಾಜಾರ್ ಆಡಳಿತಕ್ಕೆ ಬಡವರ ಮಕ್ಕಳಿಗೆ ಓದು, ಬರಹ, ಲೆಕ್ಕ ಬಂದರೆ ಸಾಕಾಗಿತ್ತು. 1970ರಲ್ಲಿಯೂ ಅಲ್ಲಿನ ಸುಮಾರು ಕಾಲು ಭಾಗ ಜನ ಅನಕ್ಷರಸ್ಥರು. 1974ರ ಏಪ್ರಿಲ್ 25ರಂದು ಸೈನಿಕರ ಕ್ರಾಂತಿಯಿಂದ ಪ್ರಜಾಪ್ರಭುತ್ವ ಬಂತು. ಬೆನ್ನಲ್ಲೇ ಆಫ್ರಿಕದ ವಸಾಹತುಗಳಿಂದ ಸುಮಾರು ಐದು ಲಕ್ಷ ಮಂದಿ ಬರಿಗೈಯಲ್ಲಿ ಮರಳಿದರು. ಒಂದು ಕೋಟಿಯೂ ಇಲ್ಲದ ದೇಶ ಅವರನ್ನು ದೊಡ್ಡ ಗಲಭೆಯಿಲ್ಲದೆ ಒಳಗೆ ಸೇರಿಸಿಕೊಂಡಿತು. ಇದು ಸಣ್ಣ ಸಾಧನೆಯಲ್ಲ, ಆದರೆ ಹೊರಗಿನವರು ಇದನ್ನು ನೆನೆಯುವುದು ಕಡಿಮೆ. 1986ರಲ್ಲಿ ಯೂರೋಪಿಯನ್ ಸಮುದಾಯಕ್ಕೆ ಸೇರಿದ ಮೇಲೆ ಹೆದ್ದಾರಿ, ಸೇತುವೆಗಳೆಲ್ಲ ಬಂದವು. ಆದರೆ 2000ದ ಸುಮಾರಿಗೆ ದುಡಿಯುವ ವಯಸ್ಸಿನವರಲ್ಲಿ ಪದವಿಪೂರ್ವ ಮಟ್ಟದವರೆಗೆ ಓದಿದವರು ಐವರಲ್ಲಿ ಒಬ್ಬರು ಮಾತ್ರ. ಬಟ್ಟೆ, ಪಾದರಕ್ಷೆಗಳ ಕಾರ್ಖಾನೆಗಳನ್ನು ನಂಬಿದ್ದ ಆ ದೇಶಕ್ಕೆ 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದು ದೊಡ್ಡ ಪೆಟ್ಟಾಯಿತು. ಈಗ ಅಲ್ಲಿ ಹನ್ನೆರಡು ವರ್ಷಗಳ ಶಿಕ್ಷಣ ಕಡ್ಡಾಯ. ಅರ್ಧದಲ್ಲಿ ಶಾಲೆ ಬಿಡುವವರ ಪ್ರಮಾಣ 40 ಶೇಕಡಾಕ್ಕಿಂತ ಮೇಲಿದ್ದದ್ದು 2020ರಲ್ಲಿ 10 ಶೇಕಡಾಕ್ಕಿಂತ ಕೆಳಗೆ ಇಳಿಯಿತು.

ಇಷ್ಟನ್ನೇ ನೋಡಿದರೆ ಐರ್ಲೆಂಡ್ ಗೆದ್ದಿತು, ಪೋರ್ಚುಗಲ್ ಸೋತಿತು ಎನ್ನಬಹುದು. ಆರೋಗ್ಯದ ವಿಷಯಕ್ಕೆ ಬಂದರೆ ಕಥೆ ತಲೆಕೆಳಗಾಗುತ್ತದೆ.

1960ರಲ್ಲಿ ಪೋರ್ಚುಗಲ್‌ನಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 77 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 1979ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಸ್ಥಾಪನೆಯಾಯಿತು, ಊರೂರಿಗೆ ಆರೋಗ್ಯ ಕೇಂದ್ರಗಳು ಬಂದವು. ಇಂದು ಆ ಸಂಖ್ಯೆ ಮೂರರ ಆಸುಪಾಸಿನಲ್ಲಿದೆ, ಅಂದರೆ ಶ್ರೀಮಂತ ಐರ್ಲೆಂಡಿಗೆ ಸಮನಾಗಿದೆ. ಐರ್ಲೆಂಡಿನಲ್ಲಿ ಎಲ್ಲರಿಗೂ ಉಚಿತವಾದ ಇಂತಹ ಸೇವೆ ಇನ್ನೂ ಪೂರ್ಣವಾಗಿ ಬಂದಿಲ್ಲ. ಆದಾಯದ ಮಿತಿ ಮೀರಿದ ವಯಸ್ಕರು ಕುಟುಂಬ ವೈದ್ಯರ ಬಳಿ ಹೋದಾಗಲೆಲ್ಲ ಶುಲ್ಕ ತೆರಬೇಕು. ಜನಸಂಖ್ಯೆಯ ಅರ್ಧದಷ್ಟು ಮಂದಿ ಖಾಸಗಿ ವಿಮೆ ಮಾಡಿಸಿಕೊಂಡಿದ್ದಾರೆ.

ಇದರ ಹಿಂದಿನ ಒಂದು ಪ್ರಸಂಗವನ್ನು ನಮ್ಮಂತಹವರು ಮುಚ್ಚಿಡಬಾರದು. ತಾಯಂದಿರಿಗೆ ಹೆರಿಗೆಯ ಆರೈಕೆ, 16 ವರ್ಷದವರೆಗಿನ ಮಕ್ಕಳಿಗೆ ಚಿಕಿತ್ಸೆ, ಎಲ್ಲವೂ ಉಚಿತ ಎಂಬ ಯೋಜನೆಯನ್ನು ಆರೋಗ್ಯ ಸಚಿವ ನೋಯೆಲ್ ಬ್ರೌನ್ ಮುಂದಿಟ್ಟಿದ್ದರು. ಆದಾಯ ಹೋಗುತ್ತದೆಂದು ವೈದ್ಯರು ವಿರೋಧಿಸಿದರು. ಕುಟುಂಬದ ಹಕ್ಕಿನಲ್ಲಿ ಸರಕಾರ ಕೈಹಾಕುತ್ತದೆಂದು ಧರ್ಮಾಧ್ಯಕ್ಷರೂ ವಿರೋಧಿಸಿದರು. 1951ರ ಏಪ್ರಿಲಿನಲ್ಲಿ ಬ್ರೌನ್ ರಾಜೀನಾಮೆ ಕೊಟ್ಟು, ಪತ್ರವ್ಯವಹಾರವನ್ನೆಲ್ಲ ಪತ್ರಿಕೆಗಳಿಗೆ ಒಪ್ಪಿಸಿದರು. ಆ ದೇಶದ ಶಾಲೆ, ಆಸ್ಪತ್ರೆಗಳನ್ನು ದಶಕಗಳ ಕಾಲ ನಡೆಸಿಕೊಂಡು ಬಂದವರು ಧರ್ಮಭಗಿನಿಯರು, ಬ್ರದರ್‌ಗಳೇ ಎಂಬುದನ್ನು ನಾವು ಮರೆತಿಲ್ಲ. ಆದರೂ ಆ ದಿನ ಸಭೆಯ ನಾಯಕರು ತಪ್ಪು ಪಕ್ಷದಲ್ಲಿ ನಿಂತರು ಎಂದೇ ನಮ್ಮ ಅಭಿಪ್ರಾಯ.

ಐರ್ಲೆಂಡಿನ ಅಂಕಿಅಂಶಗಳನ್ನೂ ಹಾಗೆಯೇ ನಂಬುವಂತಿಲ್ಲ. 2015ರಲ್ಲಿ ಅದರ ರಾಷ್ಟ್ರೀಯ ಉತ್ಪನ್ನ ಒಂದೇ ವರ್ಷದಲ್ಲಿ 26 ಶೇಕಡಾ ಏರಿತೆಂದು ಪ್ರಕಟವಾಯಿತು. ಜನರ ಕೈಗೆ ಹಣ ಬಂದು ಅಲ್ಲ, ವಿದೇಶಿ ಕಂಪನಿಗಳು ತಮ್ಮ ಪೇಟೆಂಟು ಮುಂತಾದ ಆಸ್ತಿಗಳನ್ನು ಐರ್ಲೆಂಡಿನ ಲೆಕ್ಕಕ್ಕೆ ವರ್ಗಾಯಿಸಿದ್ದರಿಂದ! ಆಪಲ್ ಕಂಪನಿ 1,300 ಕೋಟಿ ಯೂರೋ ತೆರಿಗೆ ಬಾಕಿ ಕೊಡಬೇಕೆಂದು ಯೂರೋಪಿಯನ್ ಆಯೋಗ ಹೇಳಿದಾಗ, ಆ ಹಣ ನಮಗೆ ಬೇಡವೆಂದು ಐರಿಷ್ ಸರಕಾರವೇ ನ್ಯಾಯಾಲಯಕ್ಕೆ ಹೋಯಿತು. 2024ರಲ್ಲಿ ಸೋತು, ಹಣ ಪಡೆದುಕೊಳ್ಳಬೇಕಾಯಿತು. ಜನರು ನಿಜವಾಗಿ ಬಳಸುವ ಸರಕು, ಸೇವೆಗಳ ಲೆಕ್ಕ ಹಿಡಿದರೆ ಐರ್ಲೆಂಡ್ ಯೂರೋಪಿಯನ್ ಒಕ್ಕೂಟದ ಸರಾಸರಿಯ ಹತ್ತಿರದಲ್ಲಿದೆ, ಪೋರ್ಚುಗಲ್ ಅದಕ್ಕಿಂತ ಸ್ವಲ್ಪ ಕೆಳಗಿದೆ. ಮೂರು ಪಟ್ಟಿನ ಅಂತರ ಎಲ್ಲೂ ಕಾಣುವುದಿಲ್ಲ.

ಎರಡೂ ದೇಶಗಳು ಸಾಲದಲ್ಲಿ ಮುಳುಗಿದ್ದೂ ಉಂಟು. 2010ರಲ್ಲಿ ಐರ್ಲೆಂಡಿಗೆ 8,500 ಕೋಟಿ, 2011ರಲ್ಲಿ ಪೋರ್ಚುಗಲ್‌ಗೆ 7,800 ಕೋಟಿ ಯೂರೋ ನೆರವು ಬೇಕಾಯಿತು. ಎರಡೂ ಚೇತರಿಸಿಕೊಂಡವು. ಪೋರ್ಚುಗಲ್‌ನ ಚೇತರಿಕೆಯ ವರ್ಷಗಳಲ್ಲಿ, 2015ರಿಂದ 2024ರವರೆಗೆ, ಪ್ರಧಾನಿಯಾಗಿದ್ದವರು ಗೋವಾ ಮೂಲದ ತಂದೆಯ ಮಗ ಆಂಟೋನಿಯೊ ಕೋಸ್ಟ.

ಈಗ ಎರಡೂ ಕಡೆ ಒಂದೇ ಸಂಕಟ: ಮನೆ. ಲಿಸ್ಬನ್‌ನಲ್ಲಿ ಬಾಡಿಗೆಯ ಭಾರ, ಸಂಬಳ ಮಾತ್ರ ತೀರಾ ಕಡಿಮೆ; 2025ರಲ್ಲಿ ಕನಿಷ್ಠ ವೇತನ ತಿಂಗಳಿಗೆ 870 ಯೂರೋ. ಐರ್ಲೆಂಡಿನಲ್ಲಿ ಸಂಬಳ ಚೆನ್ನಾಗಿದೆ, ಬಾಡಿಗೆಗೆ ಮನೆಯೇ ಸಿಗುವುದಿಲ್ಲ. ಅಲ್ಲಿ ಸರಕಾರದ ತಾತ್ಕಾಲಿಕ ವಸತಿಯಲ್ಲಿ ದಿನ ಕಳೆಯುವವರ ಸಂಖ್ಯೆ 2025ರಲ್ಲಿ 15 ಸಾವಿರ ದಾಟಿತು. ಈ ಸಿಟ್ಟು ಹೊರಗಿನಿಂದ ಬಂದವರ ಮೇಲೆ ತಿರುಗಿದೆ. 2022ರ ಜನಗಣತಿಯ ಪ್ರಕಾರ ಐರ್ಲೆಂಡಿನಲ್ಲಿ 45 ಸಾವಿರಕ್ಕೂ ಹೆಚ್ಚು ಭಾರತೀಯ ಪ್ರಜೆಗಳಿದ್ದರು. ಅವರಲ್ಲಿ ನರ್ಸುಗಳೂ ಗಣನೀಯ ಸಂಖ್ಯೆಯಲ್ಲಿದ್ದಾರೆ. 2025ರ ಬೇಸಿಗೆಯಲ್ಲಿ ಭಾರತೀಯರ ಮೇಲೆ ಒಂದರ ಮೇಲೊಂದು ಹಲ್ಲೆಗಳು ನಡೆದವು. ನಿರ್ಜನ ಜಾಗಗಳಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಓಡಾಡಬೇಡಿ ಎಂದು ಡಬ್ಲಿನ್‌ನ ಭಾರತೀಯ ರಾಯಭಾರ ಕಚೇರಿ ಎಚ್ಚರಿಕೆ ಕೊಡಬೇಕಾಯಿತು.

ಪೋರ್ಚುಗಲ್‌ನಲ್ಲಿ ಅದೇ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ವಲಸಿಗರ ವಿರುದ್ಧ ಮಾತಾಡುವ ಶೇಗ ಪಕ್ಷ ಸಂಸತ್ತಿನಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಅರವತ್ತರ ದಶಕದಲ್ಲಿ ಪ್ಯಾರಿಸ್ ಪಕ್ಕದ ಷಾಂಪಿನಿಯ ಕೆಸರಿನಲ್ಲಿ, ಹಲಗೆ ತಗಡುಗಳ ಗುಡಿಸಲುಗಳಲ್ಲಿ ಸಾವಿರಾರು ಪೋರ್ಚುಗೀಸರು ಬದುಕಿದ್ದರು. ಅವರ ಮೊಮ್ಮಕ್ಕಳೂ ಇಂದು ಮತ ಹಾಕುವವರಲ್ಲಿ ಇದ್ದಾರೆ.